ಕಾಲೇಜಿನ ಬೆಲೆಯನ್ನು ಕೊಡುವವರು ಯಾರು?



ಕಳೆದ ಬೇಸಿಗೆಯಲ್ಲಿ ಹತ್ತನೆಯ ತರಗತಿಯ ಫಲಿತಾಂಶವು ಪ್ರಕಟವಾದ ವಾರ, ರಾಮನಗರಕ್ಕೆ ಸಮೀಪವಾದ ಒಂದು ಗ್ರಾಮದಲ್ಲಿ ಭಾನುವಾರದ ಆರಾಧನೆಯು ಮುಗಿದ ತರುವಾಯ, ಸಭೆಯ ಒಬ್ಬ ಸಹೋದರನು ನಮ್ಮನ್ನು ಹೊಂಗೆಯ ಮರದ ನೆರಳಿಗೆ ಕರೆದುಕೊಂಡು ಹೋಗಿ ಒಂದು ಸಂಗತಿಯನ್ನು ವಿಚಾರಿಸಿದನು. ಆತನು ರೇಷ್ಮೆಯ ಗೂಡಿನಿಂದ ನೂಲು ಬಿಚ್ಚುವ ಕಸುಬಿನವನು. ವಯಸ್ಸಿನಲ್ಲಿ ನಮಗಿಂತ ಹಿರಿಯನು.

"ಅಯ್ಯನವರೇ, ಹುಡುಗ ಪಾಸಾಗಿದ್ದಾನೆ. ಕಾಲೇಜಿಗೆ ಸೇರಿಸಬೇಕೋ ಬೇಡವೋ ನೀವೇ ಹೇಳಿ. ನಮ್ಮ ಬೀದಿಯಲ್ಲಿ ಬಿ.ಎ. ಮಾಡಿದವರು ಇಬ್ಬರಿದ್ದಾರೆ. ಒಬ್ಬ ಪೆಟ್ರೋಲ್ ಬಂಕಿನಲ್ಲಿದ್ದಾನೆ, ಇನ್ನೊಬ್ಬ ಮನೆಯಲ್ಲೇ ಇದ್ದಾನೆ. ಓದಿಸಿ ಏನು ಬಂತು?"

ನಾವು ಹೆಚ್ಚು ಯೋಚಿಸಲಿಲ್ಲ. "ಸೇರಿಸಿರಿ ಅಣ್ಣಾ, ವಿದ್ಯೆಯು ಎಂದಿಗೂ ನಷ್ಟವಲ್ಲ" ಎಂದು ಹೇಳಿ, ಮುಂದಿನ ಗ್ರಾಮದ ಸಭೆಯು ಕಾದಿರುವದೆಂಬ ಆತುರದಿಂದ ಮೋಟಾರು ಸೈಕಲನ್ನು ಹತ್ತಿದೆವು. ಹತ್ತುವಾಗ ನಮ್ಮ ಕಣ್ಣಿಗೆ ಬಿದ್ದವಳು ಆ ಸಹೋದರನ ಹಿರಿಯ ಮಗಳು. ಆಕೆಯು ಕೀರ್ತನೆಯ ಪುಸ್ತಕಗಳನ್ನು ಎಣಿಸಿ ಪೆಟ್ಟಿಗೆಗೆ ತುಂಬುತ್ತಿದ್ದಳು. ಆಕೆಯು ಎರಡು ವರ್ಷಗಳ ಹಿಂದೆ ಪಿ.ಯು.ಸಿ. ಪರೀಕ್ಷೆಯನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿದವಳೆಂದು ನಾವು ಬಲ್ಲೆವು. ಸಭೆಯಲ್ಲಿ ಆಕೆಗಾಗಿ ಸ್ತೋತ್ರ ಸಲ್ಲಿಸಿದವರೂ ನಾವೇ. ಅಂದಿನಿಂದ ಆಕೆಯು ಮನೆಯಲ್ಲಿಯೇ ನೂಲು ಬಿಚ್ಚುತ್ತಿದ್ದಳು. ಆಕೆಯ ಬೆರಳುಗಳ ತುದಿಯ ಚರ್ಮವು ಬಿಳಿಚಿಕೊಂಡು ಸುಲಿದಿತ್ತು. ಬಿಸಿನೀರಿನಲ್ಲಿ ಗೂಡಿನ ಎಳೆಯನ್ನು ಹುಡುಕುವವರ ಕೈಗಳು ಹಾಗೆಯೇ ಇರುವವು.

ದಾರಿಯುದ್ದಕ್ಕೂ ನಮ್ಮ ಉತ್ತರವು ನಮ್ಮನ್ನೇ ಚುಚ್ಚುತ್ತಾ ಬಂತು. ವಿದ್ಯೆಯು ನಷ್ಟವಲ್ಲವೆಂದು ಹೇಳಿದೆವಲ್ಲಾ, ಯಾರಿಗೆ ನಷ್ಟವಲ್ಲ? ಆ ಪ್ರಶ್ನೆಯನ್ನು ನಾವು ಕೇಳಿಕೊಂಡಿರಲಿಲ್ಲ. ಈ ಲೇಖನವು ಆ ಅವಸರದ ಉತ್ತರದ ತಿದ್ದುಪಡಿಯೆಂದು ವಾಚಕರು ತಿಳಿಯಬೇಕು.

ಮೊದಲು ಆ ಸಹೋದರನು ಕೇಳಿದ ಮಾತನ್ನೇ ತೆಗೆದುಕೊಳ್ಳೋಣ. ಹಳ್ಳಿಗಳಲ್ಲಿ ಕಾಲೇಜೆಂದರೆ ಹತ್ತನೆಯ ತರಗತಿಯ ಆಚೆಗಿರುವದೆಲ್ಲವೂ ಅದರಲ್ಲಿ ಸೇರುತ್ತದೆ: ಎರಡು ವರ್ಷದ ಪಿ.ಯು.ಸಿ., ಅದರ ಮೇಲೆ ಮೂರು ವರ್ಷದ ಪದವಿ. (2021ರಲ್ಲಿ ನಮ್ಮ ರಾಜ್ಯವು ಪದವಿಗೆ ನಾಲ್ಕು ವರ್ಷದ ಏರ್ಪಾಡನ್ನು ತಂದು, 2024ರಲ್ಲಿ ಮತ್ತೆ ಮೂರಕ್ಕೆ ತಿರುಗಿಸಿತು, ನಡುವೆ ಸೇರಿದ ಮಕ್ಕಳ ಗಲಿಬಿಲಿಯನ್ನು ತಂದೆತಾಯಿಗಳು ಬಲ್ಲರು.) ಅಂತೂ ಐದು ವರ್ಷಗಳ ಪ್ರಯಾಣ. ಅದರ ಕೊನೆಯಲ್ಲಿ ಕೆಲಸವು ಸಿಕ್ಕುವದೋ ಎಂದು ಕೇಳಿದರೆ ಖಂಡಿತವಾಗಿ ಹೌದೆಂದು ಯಾರೂ ಹೇಳಲಾರರು. ಸರಕಾರವೇ ಇದನ್ನು ಒಪ್ಪಿಕೊಂಡ ಹಾಗಿದೆ. ಹೇಗಂದರೆ, 2024ನೆಯ ಜನವರಿಯಲ್ಲಿ ಆರಂಭವಾದ ಯುವನಿಧಿ ಎಂಬ ಯೋಜನೆಯಲ್ಲಿ, ಪದವಿ ಪಡೆದು ಆರು ತಿಂಗಳಾದರೂ ಕೆಲಸ ದೊರೆಯದವರಿಗೆ ತಿಂಗಳಿಗೆ 3000 ರೂಪಾಯಿಗಳನ್ನೂ ಡಿಪ್ಲೊಮಾ ಪಡೆದವರಿಗೆ 1500 ರೂಪಾಯಿಗಳನ್ನೂ ಎರಡು ವರ್ಷದ ಮಟ್ಟಿಗೆ ಕೊಡಲು ಗೊತ್ತುಮಾಡಲಾಯಿತು. ಓದಿ ಮುಗಿಸಿದವರ ಕೈ ಬರಿದಾಗಿರುವದೆಂಬದು ಎಲ್ಲರಿಗೂ ಕಾಣುವ ಸಂಗತಿಯಾಗಿರದಿದ್ದರೆ ಇಂಥ ಯೋಜನೆಯು ಹುಟ್ಟುತ್ತಿತ್ತೇ?

ಇನ್ನೊಂದು ಕಡೆಯಲ್ಲಿ, ಪದವಿಯಿಲ್ಲದೆಯೂ ಅನ್ನ ಸಂಪಾದಿಸುವ ದಾರಿಗಳು ನಮ್ಮ ತಾಲ್ಲೂಕುಗಳಲ್ಲಿ ಹಿಂದೆಂದಿಗಿಂತಲೂ ಹೆಚ್ಚಾಗಿವೆ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರಖಾನೆಯು 1999ರಿಂದ ಕಾರುಗಳನ್ನು ತಯಾರಿಸುತ್ತಾ ಬಂದಿದೆ. ಅದರವರು 2007ರಲ್ಲಿ ಸ್ಥಾಪಿಸಿದ ತರಬೇತಿ ಶಾಲೆಯು, ಹತ್ತನೆಯ ತರಗತಿಯನ್ನು ಮುಗಿಸಿದ ಬಡ ಗ್ರಾಮೀಣ ಮಕ್ಕಳನ್ನು ಆರಿಸಿಕೊಂಡು, ಊಟ ವಸತಿಗಳನ್ನು ಕೊಟ್ಟು ಮೂರು ವರ್ಷ ಕಲಿಸುತ್ತದೆ. ಹಾರೋಹಳ್ಳಿಯ ಕಡೆಯಲ್ಲಿಯೂ ಕಾರಖಾನೆಗಳು ಎದ್ದಿವೆ. ಐ.ಟಿ.ಐ. ಮುಗಿಸಿದ ಫಿಟ್ಟರನನ್ನು ಅಲ್ಲಿ ವಿಚಾರಿಸುವಷ್ಟು ಬಿ.ಎ. ಪದವೀಧರನನ್ನು ವಿಚಾರಿಸುವದಿಲ್ಲ. 1994ರಲ್ಲಿ ರಾಮನಗರದಿಂದ ವಿಧಾನಸಭೆಗೆ ಆರಿಸಲ್ಪಟ್ಟು ಮುಖ್ಯಮಂತ್ರಿಯಾಗಿ, 1996ರಲ್ಲಿ ಪ್ರಧಾನಮಂತ್ರಿಯ ಪೀಠವನ್ನು ಏರಿದ ಶ್ರೀ ಎಚ್.ಡಿ. ದೇವೇಗೌಡರು ಪದವೀಧರರಲ್ಲ, ಹಾಸನದ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಪಡೆದವರು.

ಆದರೆ ಇಂಥ ಉದಾಹರಣೆಗಳಿಂದ ಎಚ್ಚರಿಕೆಯಾಗಿರಬೇಕು. ಅದೇ ರಾಮನಗರ ತಾಲ್ಲೂಕಿನಲ್ಲಿ 1908ರಲ್ಲಿ ಹುಟ್ಟಿದ ಕೆಂಗಲ್ ಹನುಮಂತಯ್ಯನವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ, ಪೂನಾದಲ್ಲಿ ಕಾನೂನು ಕಲಿತು, 1952ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ ವಿಧಾನಸೌಧವನ್ನು ಕಟ್ಟಿಸಿದರು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹುಟ್ಟಿದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಸೇರಿ, 1930ರಲ್ಲಿ ಮಠದ ಹೊಣೆಯು ಬಂದದ್ದರಿಂದ ಪದವಿಯನ್ನು ಮುಗಿಸಲಾರದೆ ಹೋದರು. ಮುಗಿಸದವರು ಸಾವಿರಾರು ಬಡ ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಒಟ್ಟಿಗೆ ಕೊಟ್ಟರು. ಒಂದೊಂದು ಬಾಳನ್ನು ಎತ್ತಿ ಹಿಡಿದು ವಾದಿಸುವದಾದರೆ ಯಾವ ಪಕ್ಷವನ್ನಾದರೂ ಗೆಲ್ಲಿಸಬಹುದು. ನಮ್ಮ ಸಭೆಗಳಲ್ಲಿಯೂ ಕೆಲವರು ವಿಲಿಯಂ ಕೇರಿಯವರ ಹೆಸರನ್ನು ಹೇಳಿ, ಅವರು ಯಾವ ಕಾಲೇಜಿಗೂ ಹೋಗದೆ ಜೋಡು ಹೊಲಿಯುವದನ್ನು ಕಲಿತವರಲ್ಲವೋ ಎಂದು ನಮ್ಮನ್ನು ಕೇಳುವದುಂಟು. ಹೌದು, ಆದರೆ ಆ ಜೋಡು ಹೊಲಿಯುವವರೇ ತಮ್ಮ ಜೊತೆಯವರೊಂದಿಗೆ 1818ರಲ್ಲಿ ಸೆರಾಂಪುರದಲ್ಲಿ ಕಾಲೇಜನ್ನು ಸ್ಥಾಪಿಸಿದರು. ತಮಗೆ ದೊರೆಯದ್ದು ಇತರರಿಗೂ ಬೇಡವೆಂದು ಅವರು ಹೇಳಲಿಲ್ಲ.

ಆದಕಾರಣ ಕಾಲೇಜಿನಿಂದ ಬರುವ ಲಾಭವನ್ನು ಸ್ವಲ್ಪ ಬದಿಗಿಟ್ಟು ಅದರ ಬೆಲೆಯನ್ನು ನೋಡೋಣ. ಬೆಲೆಯೆಂದರೆ ಕೂಡಲೇ ಫೀಜು ನೆನಪಿಗೆ ಬರುವದು. ಸರಕಾರಿ ಕಾಲೇಜುಗಳಲ್ಲಿ ಫೀಜು ದೊಡ್ಡದಲ್ಲ, ಮತ್ತು 2023ನೆಯ ಜೂನ್ ತಿಂಗಳಿಂದ ಶಕ್ತಿ ಯೋಜನೆಯು ಬಂದು ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೇಟಿನ ಹಣವೂ ಇಲ್ಲವಾಯಿತು. ನಮ್ಮ ಜನರಿಗೆ ಇನ್ನೊಂದು ಭಾರವುಂಟು. ಊರ ಹೊರಗಿನ ಕೇರಿಗಳಿಂದ ಬಂದ ನಮ್ಮ ಅನೇಕ ಮನೆಗಳ ಮಕ್ಕಳಿಗೆ, ನೆರೆಮನೆಯ ಬಂಧುಗಳ ಮಕ್ಕಳಿಗಿರುವ ಪರಿಶಿಷ್ಟ ಜಾತಿಯ ವಿದ್ಯಾರ್ಥಿವೇತನವೂ ಮೀಸಲು ಸ್ಥಾನವೂ ಇಲ್ಲ. ಯಾಕಂದರೆ 1950ರ ರಾಷ್ಟ್ರಪತಿಗಳ ಆಜ್ಞೆಯು ಆ ಸ್ಥಾನವನ್ನು ಕ್ರೈಸ್ತರಿಗೆ ಕೊಡಲಿಲ್ಲ. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಲ್ಪಟ್ಟಿತು, ನಮಗೆ ಇಲ್ಲ. ಕರ್ನಾಟಕದಲ್ಲಿ ಹಾಗೆ ಬಂದವರನ್ನು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿಯೂ ಉಳಿದ ಕ್ರೈಸ್ತರನ್ನು 3ಬಿ ಎಂಬದರಲ್ಲಿಯೂ ಸೇರಿಸಿರುತ್ತಾರೆ. ಈ ಸಂಗತಿಯು ತಿಳಿಯದೆ, ನಾಡಕಚೇರಿಯಿಂದ ತರಬೇಕಾದ ಪ್ರಮಾಣಪತ್ರವನ್ನು ತಾರದೆ, ಇರುವ ಸಹಾಯವನ್ನೂ ಕಳೆದುಕೊಂಡ ಮನೆಗಳನ್ನು ನಾವು ಕಂಡಿದ್ದೇವೆ. ಶಾಲೆಯ ಪುಸ್ತಕದಲ್ಲಿ ಒಂದು ಹೆಸರನ್ನೂ ಸಭೆಯ ಪುಸ್ತಕದಲ್ಲಿ ಇನ್ನೊಂದು ಹೆಸರನ್ನೂ ಇಟ್ಟುಕೊಳ್ಳುವ ಮನೆಗಳೂ ಉಂಟು. ಅವರನ್ನು ದೂಷಿಸಲು ನಾವು ಇಲ್ಲಿ ಕುಳಿತಿಲ್ಲ. ಅದು ಬೇರೊಂದು ತಿಂಗಳಿಗೆ ತಕ್ಕ ಮಾತು.

ಇದೆಲ್ಲವೂ ಬೆಲೆಯ ಸಣ್ಣ ಪಾಲು. ದೊಡ್ಡ ಪಾಲು ಯಾವದೆಂದು ನೂಲು ಬಿಚ್ಚುವವರ ಮನೆಗೆ ಹೋಗಿ ನೋಡಬೇಕು. ಬೆಳಗಿನ ಮಬ್ಬಿನಲ್ಲಿಯೇ ಒಲೆಯನ್ನು ಹೊತ್ತಿಸುವರು. ಗೂಡುಗಳನ್ನು ಬೇಯಿಸಿ, ಬಿಸಿನೀರಿನಲ್ಲಿ ತೇಲುವ ಒಂದೊಂದು ಗೂಡಿನ ಎಳೆಯ ತುದಿಯನ್ನು ಬೆರಳಿನಿಂದ ಹುಡುಕಿ, ಅನೇಕ ಎಳೆಗಳನ್ನು ಒಂದಾಗಿ ಸೇರಿಸಿ ತಿರುಗುವ ರಾಟೆಗೆ ಕೊಡಬೇಕು. ಒಂದು ಗೂಡು ತೀರಿದ ಕೂಡಲೇ ಇನ್ನೊಂದರ ಎಳೆಯನ್ನು ಎಸೆದು ಕೂಡಿಸಬೇಕು. ಕಣ್ಣು ಅತ್ತಿತ್ತ ಹೋದರೆ ನೂಲು ತೆಳುವಾಗುವದು, ತೆಳುವಾದ ನೂಲಿಗೆ ಬೆಲೆಯಿಲ್ಲ. ಬೆಂದ ಹುಳುವಿನ ವಾಸನೆಯು ಬಟ್ಟೆಗೂ ಕೂದಲಿಗೂ ಅಂಟಿಕೊಳ್ಳುವದು. ಮಾರುಕಟ್ಟೆಯಲ್ಲಿ ಹಣ ಕೊಟ್ಟು ಕೊಂಡ ಗೂಡನ್ನು ನಾಳೆ ನೋಡೋಣವೆಂದು ಇಡುವ ಹಾಗೂ ಇಲ್ಲ, ಯಾಕಂದರೆ ಒಣಗಿಸದೆ ಇಟ್ಟರೆ ಒಳಗಿನ ಹುಳವು ಚಿಟ್ಟೆಯಾಗಿ ಗೂಡನ್ನು ಕೊರೆದು ಹೊರಗೆ ಬರುವದು, ಆ ಮೇಲೆ ಆ ಗೂಡು ನೂಲಿಗೆ ಬಾರದು. ಇಂಥ ಕಸುಬಿನಲ್ಲಿ ಮನೆಯ ನಾಲ್ಕು ಜನರಲ್ಲಿ ಒಬ್ಬನು ಎದ್ದು ಕಾಲೇಜಿಗೆ ಹೋದರೆ ಆ ಸ್ಥಳವು ಬರಿದಾಗಿ ಇರಲಾರದು. ಕೂಲಿಯವರನ್ನು ಇಡಬೇಕು, ಇಲ್ಲವೇ ಉಳಿದ ಮೂವರು ನಾಲ್ವರ ಕೆಲಸವನ್ನು ಮಾಡಬೇಕು. ಬಡವರ ಮನೆಯಲ್ಲಿ ಯಾವಾಗಲೂ ಆಗುವದು ಎರಡನೆಯದೇ.

ಕಾಲೇಜಿನ ನಿಜವಾದ ಫೀಜನ್ನು ಕಟ್ಟುವವರು ಕಾಲೇಜಿಗೆ ಹೋಗದವರು. ಮತ್ತು ನಮ್ಮ ಸೀಮೆಯಲ್ಲಿ ಅವರು ಹೆಚ್ಚಾಗಿ ಹೆಣ್ಣುಮಕ್ಕಳು.

ಇದನ್ನು ನಾವು ಪರರ ಮನೆಯಲ್ಲಿ ಕಂಡು ಹೇಳುವವರಲ್ಲ. ಕನಕಪುರದ ಕಡೆಯ ನಮ್ಮ ತಂದೆಯ ಮನೆಯಲ್ಲಿ ಹಿಪ್ಪುನೇರಳೆ ಬೆಳೆದು ಹುಳು ಸಾಕುತ್ತಿದ್ದರು. ನಮ್ಮ ಅಕ್ಕನು ಏಳನೆಯ ತರಗತಿಗೆ ಓದನ್ನು ನಿಲ್ಲಿಸಿದಳು. ನಿಲ್ಲಿಸಿದಳೆಂದು ನಾವು ಬಹುಕಾಲ ಹೇಳುತ್ತಿದ್ದೆವು. ನಿಲ್ಲಿಸಲ್ಪಟ್ಟಳೆಂದು ಹೇಳುವದು ಸರಿ. ಹುಳುಗಳು ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಹಗಲೂ ರಾತ್ರಿಯೂ ಸೊಪ್ಪು ಬೇಡುವವೆಂಬದನ್ನು ಬೆಳೆಗಾರರು ಬಲ್ಲರು. ಆ ವಾರದಲ್ಲಿ ನಮಗೆ ಪರೀಕ್ಷೆಯಿದ್ದರೆ ಸೊಪ್ಪು ಕೊಯ್ಯುವವಳು ಅಕ್ಕ, ರಾತ್ರಿಯಲ್ಲಿ ಎದ್ದು ತಟ್ಟೆಗಳಿಗೆ ಸೊಪ್ಪು ಹಾಕುವವಳೂ ಅಕ್ಕ. ನಾವು ದೀಪದ ಕೆಳಗೆ ಕುಳಿತು ಓದುತ್ತಿದ್ದೆವು. ಹುಳುಗಳು ಸೊಪ್ಪು ತಿನ್ನುವ ಸದ್ದು ಮಳೆ ಬಂದ ಹಾಗೆ ಕೇಳುತ್ತಿತ್ತು. ಪಿ.ಯು.ಸಿ., ಪದವಿ, ತರುವಾಯ ದೈವಜ್ಞಾನದ ಶಾಲೆ, ಹೀಗೆ ನಮ್ಮ ಓದು ನಡೆಯಿತು. ಕೊನೆಯ ಪ್ರಮಾಣಪತ್ರವನ್ನು ಮನೆಗೆ ತಂದ ದಿವಸ ಅಕ್ಕನು ಅದನ್ನು ಕೈಯಲ್ಲಿ ಹಿಡಿದು, ಇಂಗ್ಲಿಷಿನಲ್ಲಿದ್ದುದರಿಂದ, "ಇದರಲ್ಲಿ ಏನೇನು ಬರೆದಿದೆ, ಓದಿ ಹೇಳಪ್ಪ" ಎಂದಳು. ನಾವು ಓದಿ ಹೇಳಿದೆವು. ಅದರಲ್ಲಿ ನಮ್ಮ ಹೆಸರಿತ್ತು, ತಂದೆಯ ಹೆಸರಿತ್ತು.

ಅಕ್ಕನು ಅದನ್ನು ಎಂದಿಗೂ ಸಾಲವೆಂದು ಎಣಿಸಲಿಲ್ಲ. ಆಕೆಯು ಎಣಿಸಲಿಲ್ಲವೆಂದು ನಾವೂ ಎಣಿಸದೆ ಹೋದೆವು. ಹದಿನೈದು ವರ್ಷಗಳ ಮೇಲೆ, ಬೇರೊಬ್ಬರ ಮಗಳ ಬೆರಳುಗಳನ್ನು ನೋಡಿ ನಮಗೆ ಅದು ನೆನಪಾದದ್ದು ನಮಗೆ ಗೌರವ ತರುವ ಸಂಗತಿಯಲ್ಲ.

ಇಲ್ಲಿ ಒಬ್ಬ ಹಿರಿಯರು ನಮ್ಮನ್ನು ತಡೆದು ಹೀಗೆ ಹೇಳಬಹುದು: ಒಬ್ಬರು ಇನ್ನೊಬ್ಬರಿಗಾಗಿ ಸವೆಯುವದೇ ಕುಟುಂಬವಲ್ಲವೋ? ತಮ್ಮನಿಗಾಗಿ ದುಡಿದ ಅಕ್ಕನ ಪ್ರೀತಿಯನ್ನು ಲೆಕ್ಕದ ಪುಸ್ತಕಕ್ಕೆ ಏರಿಸುವದು ಸರಿಯೋ? ತನ್ನನ್ನು ತಾನು ಕೊಡುವದನ್ನೇ ನಮಗೆ ಕಲಿಸಲಾಗಿದೆಯಲ್ಲಾ? ಈ ಮಾತಿಗೆ ತೂಕವುಂಟು, ಇದನ್ನು ತಳ್ಳಿಬಿಡಲಾಗದು. ಆದರೆ ನಮ್ಮ ಆರಾಧನೆಯಲ್ಲಿ ಕಾಣಿಕೆಯ ತಟ್ಟೆಯು ಬರುವ ರೀತಿಯನ್ನು ಜ್ಞಾಪಿಸಿಕೊಳ್ಳಿರಿ. ತಟ್ಟೆಯು ಒಬ್ಬೊಬ್ಬರ ಮುಂದೆಯೂ ಬರುವದು, ಕೊಡುವವನು ತನ್ನ ಕೈಯಿಂದ ತಾನೇ ಹಾಕುವನು. ಯಾವ ಸಭಾಹಿರಿಯನೂ ಕುಳಿತವನ ಜೇಬಿಗೆ ಕೈಹಾಕಿ ಹಣವನ್ನು ತೆಗೆದು, ಇವನು ಬಹು ಉದಾರಿಯೆಂದು ಹೊಗಳುವದಿಲ್ಲ. ಮನೆಯ ಮಗಳ ಐದು ವರ್ಷಗಳನ್ನು ನಾವು ತೆಗೆದುಕೊಳ್ಳುವ ರೀತಿಯಾದರೋ ಇದೇ. ಆಕೆಯನ್ನು ಕೇಳುವದಿಲ್ಲ. ಕೇಳದೆ ತೆಗೆದುಕೊಂಡು, ತರುವಾಯ ಅದಕ್ಕೆ ತ್ಯಾಗವೆಂದು ಹೆಸರಿಡುತ್ತೇವೆ. ಬೇಡವೆನ್ನುವ ಅಧಿಕಾರವು ಯಾರಿಗೆ ಇರಲಿಲ್ಲವೋ ಅವರು ಕೊಟ್ಟರೆಂದು ಹೇಳುವದು ಹೇಗೆ?

ಲೆಕ್ಕದ ವಿಷಯದಲ್ಲಿಯೂ ನಮಗೆ ನಾಚಿಕೆ ಬೇಡ. ಗೋಪುರವನ್ನು ಕಟ್ಟುವದಕ್ಕೆ ಮುಂಚೆ ಕುಳಿತು ಖರ್ಚನ್ನು ಎಣಿಸುವವನ ಸಾಮ್ಯವನ್ನು ನಾವೆಲ್ಲರೂ ಕೇಳಿದವರು. ಅದರ ಭಾವವು ಬಹು ಆಳವಾದದ್ದು. ಮನೆಯ ಕೆಲಸಕ್ಕೂ ಅದು ಸಲ್ಲುವದೆಂದು ನಾವು ನಂಬುತ್ತೇವೆ.

ಹಾಗಾದರೆ ಯಾರೂ ಕಾಲೇಜಿಗೆ ಹೋಗುವದು ಬೇಡವೋ? ಹಾಗೆ ಹೇಳುವವರ ಪಕ್ಷದಲ್ಲಿ ನಾವಿಲ್ಲ. ಅಕ್ಷರವನ್ನು ಮುಟ್ಟಬಾರದೆಂದು ತಲೆತಲಾಂತರದಿಂದ ಹೊರಗೆ ನಿಲ್ಲಿಸಲ್ಪಟ್ಟವರ ಮೊಮ್ಮಕ್ಕಳು ನಾವು. ಡಾಕ್ಟರ್ ಅಂಬೇಡ್ಕರರು 1912ರಲ್ಲಿ ಬಿ.ಎ. ಪದವಿಯನ್ನು ಪಡೆದಾಗ ಅದರಿಂದ ಎಷ್ಟು ಸಂಬಳ ಬರುವದೆಂದು ಮಾತ್ರವೇ ನೋಡಿದ್ದರೆ ಈ ದೇಶದ ಬಡವರ ಕಥೆಯು ಬೇರೆಯಾಗಿರುತ್ತಿತ್ತು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನು ಮುಂದಿಟ್ಟ ಕಾಗದವನ್ನು ಓದದೆ ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಂಡವರು ನಮ್ಮ ಸಭೆಗಳಲ್ಲಿ ಈಗಲೂ ಇದ್ದಾರೆ. ಬೆಂಗಳೂರು ಬೆಳೆದು ಬೆಳೆದು ನಮ್ಮ ಹೊಲಗಳ ಬದುವಿಗೆ ಬಂದಿದೆ. 2007ರಲ್ಲಿ ರಾಮನಗರವೆಂದು ಏರ್ಪಟ್ಟ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣವೆಂದೇ ಹೆಸರಾಯಿತು. ಹೆಸರಿನ ಹಿಂದೆಯೇ ಜಮೀನು ಕೊಳ್ಳುವವರು ಬರುವರು. ಅವರ ಕರಾರುಪತ್ರವನ್ನು ಓದಿ ಅರ್ಥಮಾಡಿಕೊಂಡು, ಇದು ಆಗದೆಂದು ಹೇಳಬಲ್ಲ ಒಬ್ಬ ಮಗಳು ಮನೆಯಲ್ಲಿದ್ದರೆ, ಆಕೆಗೆ ತಿಂಗಳ ಸಂಬಳವು ಇಲ್ಲದಿದ್ದರೂ ಆಕೆಯ ಓದು ವ್ಯರ್ಥವಾಯಿತೆಂದು ಯಾರು ಹೇಳುವರು?

ಕಾಲೇಜು ವ್ಯರ್ಥವಾಗುವದು ಬೇರೆ ರೀತಿಯಿಂದ. ಏನು ಮಾಡಬೇಕೆಂದು ತಿಳಿಯದ ಹುಡುಗನು, ಜೊತೆಯವರೆಲ್ಲರೂ ಹೋಗುತ್ತಾರೆಂದು ತಾನೂ ಹೋಗಿ, ಐದು ವರ್ಷ ಬಸ್ ನಿಲ್ದಾಣದಲ್ಲಿಯೂ ಮೊಬೈಲಿನಲ್ಲಿಯೂ ಕಳೆದು ಬರುವದನ್ನು ನಾವು ನೋಡುತ್ತಲೇ ಇದ್ದೇವೆ. ಅವನಿಗೆ ಕಾಲೇಜು ಕಾಯುವ ಕೊಠಡಿಯಾಯಿತು. ಅವನು ಕಾಯುತ್ತಿರುವಾಗ ಮನೆಯಲ್ಲಿ ಒಬ್ಬಳು ಬಿಸಿನೀರಿನ ಮುಂದೆ ಕುಳಿತಿರುತ್ತಾಳೆ. ಇದಕ್ಕಿಂತಲೂ ಕೆಟ್ಟದ್ದು ಒಂದುಂಟು: ಮನೆಯ ವಾಸನೆಗೆ ನಾಚಿಕೊಳ್ಳುವದು. ಜೊತೆಯವರನ್ನು ಮನೆಗೆ ಕರೆತರದ, ತಂದೆಯ ಕಸುಬನ್ನು ಕೇಳಿದರೆ ವ್ಯಾಪಾರವೆಂದು ಹೇಳುವ ಹುಡುಗರನ್ನು ನಾವು ಬಲ್ಲೆವು. ನಾವೂ ಹಾಗೆ ಹೇಳಿದವರೇ.

ಈ ನಾಚಿಕೆಯು ವಿದ್ಯೆಯಿಂದ ಹುಟ್ಟಬೇಕೆಂದೇನೂ ಇಲ್ಲ. ಕರಾವಳಿಯಲ್ಲಿ ಬಾಸೆಲ್ ಮಿಶನ್ನಿನವರು, ಮತವನ್ನು ಬದಲಿಸಿದ ಕಾರಣದಿಂದ ಜೀವನೋಪಾಯವನ್ನು ಕಳೆದುಕೊಂಡವರಿಗಾಗಿ ನೇಯ್ಗೆಯ ಶಾಲೆಗಳನ್ನೂ, 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರಖಾನೆಯನ್ನೂ ಸ್ಥಾಪಿಸಿದರು. ಅದೇ ಊರಿನ ಬಲ್ಮಠದಲ್ಲಿ ಅವರ ದೈವಜ್ಞಾನದ ಶಾಲೆಯು 1847ರಿಂದ ನಡೆಯುತ್ತಿತ್ತು. ಪುಸ್ತಕವೂ ಮಣ್ಣೂ ಒಂದೇ ಊರಿನಲ್ಲಿ ಒಂದೇ ಮಿಶನ್ನಿನ ಕೆಲಸವಾಗಿದ್ದವು. ಮೊದಲನೆಯ ಮಹಾಯುದ್ಧದಲ್ಲಿ ಆ ಕಾರಖಾನೆಗಳು ಅವರ ಕೈಬಿಟ್ಟು ಹೋದದ್ದು ಬೇರೆ ಕಥೆ. ಅವರು ಬಂದ ಸ್ವಿಟ್ಜರ್ಲೆಂಡ್ ದೇಶದಲ್ಲಿ ಇಂದಿಗೂ ಹದಿನಾರು ವಯಸ್ಸಿನ ಮಕ್ಕಳ ಸುಮಾರು ಮೂರರಲ್ಲಿ ಎರಡು ಪಾಲು, ವಾರದಲ್ಲಿ ಕೆಲವು ದಿನ ಶಾಲೆ ಕೆಲವು ದಿನ ಕಾರ್ಯಾಗಾರವೆಂದು ಕಸುಬನ್ನು ಕಲಿಯುವರು. ಅವರನ್ನು ಯಾರೂ ದಡ್ಡರೆಂದು ಎಣಿಸುವದಿಲ್ಲ, ಮುಂದೆ ಓದಬೇಕೆಂದರೆ ಅವರಿಗೆ ಬಾಗಿಲೂ ಮುಚ್ಚಿಲ್ಲ. ಕನಕಪುರದಲ್ಲಿ ಎಸ್. ಕರಿಯಪ್ಪನವರು ಕಟ್ಟಿದ ಸಂಸ್ಥೆಯ ಕಾಲೇಜು ರೂರಲ್ ಕಾಲೇಜೆಂಬ ಹೆಸರನ್ನೇ ಹೊತ್ತಿರುವದು. ಹಳ್ಳಿಯವರೆಂದು ಹೇಳಿಕೊಳ್ಳುವದಕ್ಕೆ ಒಂದು ವಿದ್ಯಾಸಂಸ್ಥೆಯು ನಾಚಿಕೊಳ್ಳದಿದ್ದರೆ ವಿದ್ಯಾರ್ಥಿಯು ಏಕೆ ನಾಚಿಕೊಳ್ಳಬೇಕು?

ಆದರೂ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಕೈಕಸುಬಿನ ಗೌರವವನ್ನು ಕುರಿತು ಪ್ರಸಂಗ ಮಾಡುವದು ಫ್ಯಾನಿನ ಕೆಳಗೆ ಕುಳಿತ ನಮ್ಮಂಥವರಿಗೆ ಸುಲಭ. ಚನ್ನಪಟ್ಟಣದಲ್ಲಿ ಹಾಲೆಮರವನ್ನು ಕಡೆದು ಅರಗಿನ ಬಣ್ಣ ಹಾಕಿ ಗೊಂಬೆ ಮಾಡುವ ಒಬ್ಬ ಮುದುಕನಿಗೆ ನಾವು ಹೀಗೆಯೇ ಏನೋ ಹೇಳಲು ಹೋಗಿ, "ಅಷ್ಟು ಒಳ್ಳೆಯ ಕೆಲಸವಾದರೆ ನಿಮ್ಮ ಮಗನನ್ನು ಕಳುಹಿಸಿ ಸ್ವಾಮಿ, ಕಲಿಸುತ್ತೇನೆ" ಎಂಬ ಉತ್ತರವನ್ನು ಪಡೆದು ಬಾಯಿ ಮುಚ್ಚಿಕೊಂಡು ಬಂದೆವು. ಆ ಕಸುಬಿನ ಹೆಸರು ದೇಶವಿದೇಶಗಳಲ್ಲಿ ಪ್ರಸಿದ್ಧವಾಗಿದೆ, ಭೌಗೋಳಿಕ ಗುರುತಿನ ಮಾನ್ಯತೆಯೂ ಅದಕ್ಕೆ ದೊರೆತಿದೆ. ಆದರೂ ಕಡೆಯುವವನು ತನ್ನ ಮಗನು ಕಡೆಯಲೆಂದು ಬಯಸುವದಿಲ್ಲ. ಆ ಬಯಕೆಯನ್ನು ತಪ್ಪೆನ್ನುವ ಅಧಿಕಾರವು ನಮಗಿಲ್ಲ.

ಆದಕಾರಣ ನಾವು ಹೇಳುವದು ಇಷ್ಟೇ. ಯಾವ ಮಗುವನ್ನು ಯಾವ ಓದಿಗೆ ಕಳುಹಿಸಬೇಕೆಂದು ತೀರ್ಮಾನಿಸುವ ರಾತ್ರಿ, ಮನೆಯವರೆಲ್ಲರೂ ಒಟ್ಟಿಗೆ ಕುಳಿತುಕೊಳ್ಳಲಿ. ಹೆಣ್ಣುಮಕ್ಕಳು ಅಡಿಗೆಯ ಮನೆಯಲ್ಲಿರದೆ ಚಾಪೆಯ ಮೇಲೆ ಇರಲಿ. ಓದುವವನು ಏಕೆ ಓದಬೇಕೆಂದು ತನ್ನ ಬಾಯಿಂದ ಹೇಳಲಿ. ಅವನ ಸ್ಥಳದಲ್ಲಿ ದುಡಿಯುವವರು ಯಾರೆಂದು ಹೆಸರು ಹಿಡಿದು ಹೇಳಲಿ. ಅವರನ್ನು ಒಪ್ಪುವಿರೋ ಎಂದು ಕೇಳಲಿ, ಇಲ್ಲವೆಂದರೆ ಅದನ್ನು ಕೇಳಿಸಿಕೊಳ್ಳಲಿ. ಅವರ ಸರದಿಯು ಯಾವಾಗ ಬರುವದೆಂದೂ ಅದೇ ರಾತ್ರಿ ಮಾತಾಡಲಿ. ತಡವಾಗಿ ಬಂದ ಸರದಿಯೂ ಸರದಿಯೇ. ಮೈಸೂರಿನಲ್ಲಿ 1996ರಿಂದ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿರುವದು, ಪಿ.ಯು.ಸಿ. ಮುಗಿಸಿ ಮನೆಯಲ್ಲಿ ನಿಂತವರು ಮೂವತ್ತು ವಯಸ್ಸಿನಲ್ಲಿಯೂ ಅದರಿಂದ ಪದವಿಯನ್ನು ಪಡೆಯಬಹುದು. ತಮ್ಮನ ಮೊದಲನೆಯ ಸಂಬಳದಲ್ಲಿ ಅಕ್ಕನಿಗೆ ಸೀರೆ ಬಂದರೆ ಸಂತೋಷ. ಅಕ್ಕನ ಪರೀಕ್ಷೆಯ ಫೀಜು ಬಂದರೆ ನ್ಯಾಯ.

ಇಂಥ ಮಾತುಕತೆಯಿಂದ ಜಗಳವೇಳುವದೆಂದು ಕೆಲವರು ಅಂಜುವರು. ಏಳಬಹುದು. ನಮ್ಮ ಅಕ್ಕನಿಗೆ ಜಗಳವಾಡುವ ಒಂದು ರಾತ್ರಿಯಾದರೂ ದೊರೆತಿದ್ದರೆ ಚೆನ್ನಾಗಿತ್ತು.

ಮುಂದಿನ ಭಾನುವಾರ ನಾವು ಪುನಃ ಆ ಗ್ರಾಮಕ್ಕೆ ಹೋದೆವು. ಆರಾಧನೆಯಾದ ಮೇಲೆ ಆ ಸಹೋದರನ ಮನೆಯಲ್ಲಿ ಕುಳಿತು, ಹಿಂದಿನ ವಾರ ನಾವು ಅರ್ಧ ಉತ್ತರ ಕೊಟ್ಟೆವೆಂದು ಹೇಳಿ, ಮಕ್ಕಳಿಬ್ಬರನ್ನೂ ಕರೆಯಲು ಬೇಡಿಕೊಂಡೆವು. ಹುಡುಗನನ್ನು ಏನು ಓದುವಿಯಪ್ಪಾ ಎಂದು ಕೇಳಿದರೆ, ಜೊತೆಯವರೆಲ್ಲರೂ ಪಿ.ಯು.ಗೆ ಹೋಗುತ್ತಾರೆಂದು ಹೇಳಿ ನೆಲವನ್ನು ನೋಡಿದನು. ಹುಡುಗಿಯು ಬಹು ಹೊತ್ತು ಮಾತಾಡಲಿಲ್ಲ. ತರುವಾಯ, ರಾಮನಗರದ ಸರಕಾರಿ ಕಾಲೇಜಿನಲ್ಲಿ ಬಿ.ಕಾಂ.ಗೆ ದಂಡಶುಲ್ಕವಿಲ್ಲದೆ ಅರ್ಜಿ ಹಾಕಲು ಕೊನೆಯ ದಿನ ಯಾವದೆಂದು ನಮ್ಮನ್ನು ಕೇಳುವ ಬದಲಾಗಿ, ತಾನೇ ಹೇಳಿದಳು. ಎರಡು ವರ್ಷಗಳಿಂದಲೂ ಆಕೆಯು ಆ ದಿನವನ್ನು ತಿಳಿದುಕೊಳ್ಳುತ್ತಾ ಬಂದಿದ್ದಳೆಂದು ತಂದೆಗೆ ಗೊತ್ತಿರಲಿಲ್ಲ. "ನೀನು ಹೇಳಲೇ ಇಲ್ಲವಲ್ಲಮ್ಮ" ಎಂದನು. "ನೀವು ಕೇಳಲಿಲ್ಲವಲ್ಲಪ್ಪ" ಎಂದಳು. ತಾಯಿಯು ಒಳಗೆ ಎದ್ದು ಹೋದಳು. ಆತನು ನಮ್ಮ ಕಡೆಗೆ ತಿರುಗಿ, "ಇಬ್ಬರೂ ಹೋದರೆ ನೀರಿನ ಮುಂದೆ ಕೂರುವವರು ಯಾರು ಅಯ್ಯನವರೇ?" ಎಂದು ಕೇಳಿದನು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಹುಡುಗಿಯು ಈಗ ಬೆಳಗಿನ ಬಸ್ಸಿಗೆ ಹೋಗುತ್ತಾಳೆ. ಹುಡುಗನು ಐ.ಟಿ.ಐ.ಗೆ ಸೇರಿದ್ದಾನೆ, ಮನಸ್ಸಿನಿಂದಲೋ ಒತ್ತಾಯದಿಂದಲೋ ಹೇಳಲಾರೆವು. ಸೂರ್ಯೋದಯಕ್ಕೆ ಮುಂಚೆ ಎರಡು ತಾಸು ಅಕ್ಕನ ಸ್ಥಳದಲ್ಲಿ ಕುಳಿತು ಬೆರಳು ಸುಟ್ಟುಕೊಳ್ಳುತ್ತಾನೆಂದು ತಾಯಿಯು ನಗುತ್ತಾ ಹೇಳಿದಳು. ಉಳಿದ ಹೊತ್ತಿಗೆ ಕೂಲಿಯವಳೊಬ್ಬಳು ಬರುತ್ತಾಳೆ. ಕಳೆದ ತಿಂಗಳು ಆ ಸಹೋದರನು ಆಕೆಯ ಕೂಲಿಯನ್ನು ಬರೆದಿಟ್ಟ ಪುಸ್ತಕವನ್ನು ನಮಗೆ ತೋರಿಸಿದನು. ಪ್ರತಿ ಶನಿವಾರದ ಮೊತ್ತದ ಪಕ್ಕದಲ್ಲಿ, ಯಾರ ಬದಲಿಗೆಂಬದನ್ನು, ಮಗಳ ಹೆಸರು ಹಿಡಿದು ಬರೆದಿದ್ದನು.